ಓಕ್ ಮರಗಳ ಸಾವು ಮತ್ತು ಹೊಸ ದುಂಡಾಣುಗಳು: ಹೆಸರಿಟ್ಟರೆ ರೋಗ ತಿಳಿದಂತಾಯಿತೇ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಕಾಫಿ ಬೆಳೆಗಾರರೊಬ್ಬರು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದರು. "ಓಕ್ ಮರಕ್ಕೆ ಯಾವುದೋ ಹೊಸ ಬ್ಯಾಕ್ಟೀರಿಯಾ ಬಂದಿದೆಯಂತೆ ಸಾರ್, ಮೊಬೈಲಿನಲ್ಲಿ ವಿಡಿಯೋ ನೋಡಿದೆ. ನಮ್ಮ ತೋಟದ ನಾಲ್ಕೈದು ಸಿಲ್ವರ್ ಮರಗಳ ಕಾಂಡದಿಂದಲೂ ರಸ ಸೋರುತ್ತಿದೆ. ಬೇರೆ ಮರಗಳಿಗೆ ಹರಡುವ ಮುಂಚೆ ಕಡಿಸಿಬಿಡಲೇ?" ಆ ಮರಗಳಿಗೆ ಕಾಯಿ ಕಟ್ಟುತ್ತಿರುವ ಮೆಣಸಿನ ಬಳ್ಳಿಗಳು ಹಬ್ಬಿದ್ದವು. ಮರ ಕಡಿದರೆ ನೆರಳೂ ಹೋಗುತ್ತದೆ, ಹಲವು ವರ್ಷ ಸಾಕಿದ ಬಳ್ಳಿಯೂ ಹೋಗುತ್ತದೆ. ಇಂತಹ ನಿರ್ಧಾರವೊಂದು ದೂರದ ದೇಶದ ಸುದ್ದಿಯ ಆಧಾರದ ಮೇಲೆ ಆಗಬಾರದು. ಹಾಗೆಂದು ಆ ಸುದ್ದಿ ಸುಳ್ಳೂ ಆಗಿರಲಿಲ್ಲ. ಬ್ರಿಟನ್ನಿನ ಓಕ್ ಮರಗಳಲ್ಲಿ ವಿಜ್ಞಾನಕ್ಕೆ ಹೊಸದಾದ ದುಂಡಾಣು ಪ್ರಭೇದಗಳು ಪತ್ತೆಯಾಗಿರುವುದು ನಿಜ. ಅವುಗಳಿಗೂ ಮರಗಳ ಸಾವಿಗೂ ನಂಟಿರುವುದೂ ನಿಜ. ಆದರೆ ಆ ನಂಟು ಯಾವ ಬಗೆಯದು, ಅದನ್ನು ಸ್ಥಾಪಿಸಲು ಎಷ್ಟು ವರ್ಷಗಳ ಶ್ರಮ ಬೇಕಾಯಿತು, ಅದರಿಂದ ನಮ್ಮ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಕಲಿಯಬೇಕಾದದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಶ್ಲೇಷಿಸಲಾಗಿದೆ.

ಬ್ರಿಟನ್ನಿನಲ್ಲಿ ಕಂಡದ್ದೇನು?

ಬ್ರಿಟನ್ನಿನ ಸಹಜ ಕಾಡುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಓಕ್ ಮರಗಳಿವೆ: ಕ್ವೆರ್ಕಸ್ ರೋಬರ್ ಮತ್ತು ಕ್ವೆರ್ಕಸ್ ಪೆಟ್ರೇಯಾ. ಇವು ಶತಮಾನಗಳ ಕಾಲ ಬಾಳುವ ಮರಗಳು. ಸುಮಾರು 2,300 ಜೀವಿಪ್ರಭೇದಗಳು ಒಂದಲ್ಲ ಒಂದು ಬಗೆಯಲ್ಲಿ ಈ ಮರಗಳನ್ನು ಆಶ್ರಯಿಸಿವೆ ಎಂದು ಅಲ್ಲಿನ ಅಧ್ಯಯನವೊಂದು ಲೆಕ್ಕ ಹಾಕಿದೆ. ಅವುಗಳ ಪೈಕಿ 326 ಪ್ರಭೇದಗಳಿಗೆ ಓಕ್ ಹೊರತು ಬೇರೆ ಆಸರೆಯೇ ಇಲ್ಲ. ಆದ್ದರಿಂದ ಓಕ್ ಸತ್ತರೆ ಮರವೊಂದೇ ಹೋಗುವುದಿಲ್ಲ.

1980ರ ದಶಕದಿಂದಲೇ ಇಂಗ್ಲೆಂಡಿನ ಕೆಲವೆಡೆ ಬೆಳೆದ ಓಕ್ ಮರಗಳ ಕಾಂಡದಿಂದ ಕಪ್ಪು ದ್ರವ ಸೋರುವುದನ್ನು ಗಮನಿಸಲಾಗಿತ್ತು. 2000ದ ದಶಕದಲ್ಲಿ ಇಂತಹ ಮರಗಳ ಸಂಖ್ಯೆ ಎದ್ದು ಕಾಣುವಂತಾಯಿತು. ಅರಣ್ಯ ಸಂಶೋಧನಾ ಸಂಸ್ಥೆಯಾದ 'ಫಾರೆಸ್ಟ್ ರಿಸರ್ಚ್'ನ ವಿಜ್ಞಾನಿ ಸಾಂಡ್ರಾ ಡೆನ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರತ್ಯೇಕ ಬೇನೆಯೆಂದು ಗುರುತಿಸಿ 'ಅಕ್ಯೂಟ್ ಓಕ್ ಡಿಕ್ಲೈನ್' ಎಂದು ಕರೆದರು. ಕನ್ನಡದಲ್ಲಿ ಇದನ್ನು 'ಓಕ್‌ನ ತೀವ್ರ ಅವನತಿ' ಎನ್ನಬಹುದು. ಹಲವು ದಶಕಗಳ ಕಾಲ ಮರ ನಿಧಾನವಾಗಿ ಸೊರಗುವ 'ದೀರ್ಘಕಾಲಿಕ ಅವನತಿ' ಮೊದಲಿನಿಂದಲೂ ತಿಳಿದಿದ್ದ ಸಂಗತಿ. ಹೊಸ ಬೇನೆಯಲ್ಲಿ ಲಕ್ಷಣ ತೋರಿದ 4ರಿಂದ 6 ವರ್ಷಗಳಲ್ಲೇ ಕೆಲವು ಮರಗಳು ಸಾಯುತ್ತಿದ್ದವು. ಇಂಗ್ಲೆಂಡಿನ ಮಧ್ಯ, ಪೂರ್ವ ಹಾಗೂ ದಕ್ಷಿಣ ಭಾಗಗಳು ಮತ್ತು ವೇಲ್ಸ್‌ನ ಗಡಿಪ್ರದೇಶ ಇದರ ಮುಖ್ಯ ನೆಲೆಗಳು.

ಲಕ್ಷಣಗಳು ಹೀಗಿವೆ. ಸಾಮಾನ್ಯವಾಗಿ 50 ವರ್ಷ ದಾಟಿದ ಮರಗಳಲ್ಲಿ ತೊಗಟೆಯ ಹಲಗೆಗಳ ನಡುವೆ ಉದ್ದುದ್ದ ಸೀಳುಗಳು ಮೂಡುತ್ತವೆ. ಅವುಗಳಿಂದ ಕಪ್ಪುಬಣ್ಣದ ದ್ರವ ಜಿನುಗಿ ಕಾಂಡದ ಮೇಲೆ ಇಳಿಯುತ್ತದೆ. ಒಣ ಹವೆಯಲ್ಲಿ ಸೋರಿಕೆ ನಿಂತು ಕಲೆಯಷ್ಟೇ ಉಳಿಯಬಹುದು. ಹೊರ ತೊಗಟೆಯನ್ನು ಕೆತ್ತಿ ನೋಡಿದರೆ ಒಳ ತೊಗಟೆ ಕೊಳೆತು ಕಂದುಬಣ್ಣಕ್ಕೆ ತಿರುಗಿರುತ್ತದೆ. ಅನೇಕ ಮರಗಳಲ್ಲಿ ಈ ಕೊಳೆತ ಭಾಗದ ಆಸುಪಾಸಿನಲ್ಲೇ ಒಂದು ದುಂಬಿಯ ಮರಿಹುಳುಗಳು ಕೊರೆದ ಸುರಂಗಗಳೂ ಕಾಣುತ್ತವೆ. ಪ್ರೌಢ ದುಂಬಿ ಹೊರಬಂದ ತೂತು ಇಂಗ್ಲಿಷಿನ 'ಡಿ' ಅಕ್ಷರದ ಆಕಾರದಲ್ಲಿದ್ದು ಸುಮಾರು 3 ಮಿ.ಮೀ. ಅಗಲವಿರುತ್ತದೆ. ಈ ದುಂಬಿಯ ಹೆಸರು ಅಗ್ರಿಲಸ್ ಬೈಗುಟೇಟಸ್. ಹಸಿರು ಲೋಹದಂತೆ ಹೊಳೆಯುವ ಇದರ ರೆಕ್ಕೆಗಳ ಮೇಲೆ ಎರಡು ಬಿಳಿ ಚುಕ್ಕೆಗಳಿರುತ್ತವೆ. ಅರೇಬಿಕಾ ಕಾಫಿಯ ಬಿಳಿ ಕಾಂಡ ಕೊರಕದೊಡನೆ ಸೆಣಸಿದ ನಮ್ಮ ಬೆಳೆಗಾರರಿಗೆ ತೊಗಟೆಯಡಿ ಅಡಗಿ ಕೊರೆಯುವ ಹುಳುವಿನ ಉಪಟಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಂಡ ಸೋರುವುದೊಂದನ್ನೇ ನೋಡಿ ರೋಗ ನಿರ್ಣಯಿಸುವಂತಿಲ್ಲ ಎಂಬುದಕ್ಕೆ ಓಕ್ ಮರವೇ ಉತ್ತಮ ನಿದರ್ಶನ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದ ಮಧ್ಯಭಾಗದಿಂದ ಓಕ್ ಜಾತಿಯ ಮರಗಳು ಸೋರಿ ಸಾಯತೊಡಗಿದವು. ಅಲ್ಲಿ ಸಿಕ್ಕ ಕಾರಣ ಫೈಟಾಫ್ತೊರಾ ರೆಮೋರಮ್. ಇದು ನಮ್ಮ ಅಡಿಕೆಯ ಕೊಳೆರೋಗವನ್ನು ಉಂಟುಮಾಡುವ ರೋಗಾಣುವಿನ ಕುಲಕ್ಕೇ ಸೇರಿದ್ದು. ದುಂಡಾಣುವಿಗೂ ಇದಕ್ಕೂ ಸಂಬಂಧವಿಲ್ಲ. ಮರ ಒಂದೇ ಗುಂಪಿನದು, ಹೊರಗೆ ಕಾಣುವ ಲಕ್ಷಣವೂ ಒಂದೇ ಬಗೆಯದು, ಕಾರಣ ಮಾತ್ರ ಪೂರ್ತಿ ಬೇರೆ.

ಹೊಸ ಪ್ರಭೇದವೆಂದು ನಿರ್ಣಯಿಸುವುದು ಹೇಗೆ?

ಬ್ರಿಟನ್ನಿನ ಸಂಶೋಧಕರು ಕೊಳೆತ ಒಳ ತೊಗಟೆಯ ಅಂಚಿನಿಂದ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ದುಂಡಾಣುಗಳನ್ನು ಬೆಳೆಸಿದರು. ಮತ್ತೆ ಮತ್ತೆ ದೊರೆತ ಕೆಲವು ದುಂಡಾಣುಗಳು ಅಂದಿನವರೆಗೆ ದಾಖಲಾಗಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಆಗ ಆರಂಭವಾದದ್ದು ವರ್ಗೀಕರಣದ ಕೆಲಸ.

ದುಂಡಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದ ಗುರುತಿಸುವುದು ಸಾಧ್ಯವಿಲ್ಲ. ಬಹುಪಾಲು ಒಂದೇ ರೀತಿ ಸಣ್ಣ ಕಡ್ಡಿಗಳಂತೆ ಕಾಣುತ್ತವೆ. ಆದ್ದರಿಂದ ಹಲವು ಹಂತಗಳ ಪರೀಕ್ಷೆ ಅಗತ್ಯ. ಮೊದಲು ಯಾವ ಸಕ್ಕರೆಗಳನ್ನು ಬಳಸುತ್ತದೆ, ಎಷ್ಟು ಉಷ್ಣತೆಯಲ್ಲಿ ಬೆಳೆಯುತ್ತದೆ ಮುಂತಾದ ಗುಣಗಳನ್ನು ದಾಖಲಿಸುತ್ತಾರೆ. ಅನಂತರ ಎಲ್ಲ ದುಂಡಾಣುಗಳಲ್ಲೂ ಇರುವ ಕೆಲವು ವಂಶವಾಹಿಗಳ ಅನುಕ್ರಮವನ್ನು ಓದಿ ಹತ್ತಿರದ ಸಂಬಂಧಿಗಳೊಡನೆ ಹೋಲಿಸುತ್ತಾರೆ. ಕೊನೆಯದಾಗಿ ಇಡೀ ಡಿಎನ್‌ಎಯ ಹೋಲಿಕೆ. ಎರಡು ದುಂಡಾಣುಗಳ ಪೂರ್ಣ ಜೀನೋಮ್‌ಗಳ ನಡುವಣ ಸರಾಸರಿ ಸಾಮ್ಯ ಸುಮಾರು ಶೇ. 95-96ಕ್ಕಿಂತ ಕಡಿಮೆಯಿದ್ದರೆ ಅವು ಬೇರೆ ಬೇರೆ ಪ್ರಭೇದಗಳೆಂದು ಇಂದು ಪರಿಗಣಿಸಲಾಗುತ್ತದೆ. ಹೊಸ ಹೆಸರು ಮಾನ್ಯವಾಗಬೇಕಾದರೆ ಆ ದುಂಡಾಣುವಿನ ಮೂಲ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಬೇಕು. ಯಾರು ಬೇಕಾದರೂ ಅದನ್ನು ತರಿಸಿ ಪರೀಕ್ಷಿಸುವಂತಿರಬೇಕು ಎಂಬುದು ಈ ನಿಯಮದ ಉದ್ದೇಶ. ಬಿತ್ತನೆ ಬೀಜದ ವಿಷಯದಲ್ಲಿ ಮೂಲ ಬೀಜ ಕಾಪಾಡಿಕೊಳ್ಳುವುದು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಈ ದಾರಿಯಲ್ಲಿ ಒಂದೊಂದೇ ಹೆಸರು ಹೊರಬಂದಿತು. 2010ರಲ್ಲಿ ಗಿಬ್ಸಿಯೆಲ್ಲಾ ಕ್ವೆರ್ಸಿನೆಕಾನ್ಸ್ ಪ್ರಕಟವಾಯಿತು. ಇದು ಹೊಸ ಪ್ರಭೇದ ಮಾತ್ರವಲ್ಲದೆ ಹೊಸ ಕುಲವೂ ಆಗಿತ್ತು. ಕುಲದ ಹೆಸರು ಬ್ರಿಟನ್ನಿನ ಅರಣ್ಯ ರೋಗಶಾಸ್ತ್ರಜ್ಞ ಜಾನ್ ಗಿಬ್ಸ್ ಅವರ ಗೌರವಾರ್ಥ ಇಟ್ಟದ್ದು. ಎರಡನೆಯ ಪದದ ಅರ್ಥ 'ಓಕ್ ಅನ್ನು ಕೊಲ್ಲುವ' ಎಂದು. 2012ರಲ್ಲಿ ಬ್ರೆನೇರಿಯಾ ಗುಡ್ವಿನಿ ಎಂಬ ಪ್ರಭೇದವನ್ನೂ ಲಾನ್ಸ್‌ಡೇಲಿಯಾ ಕುಲದ ಬ್ರಿಟಾನಿಕಾ ಎಂಬ ಉಪಪ್ರಭೇದವನ್ನೂ ವಿವರಿಸಲಾಯಿತು. ಎರಡನೆಯದು ಮುಂದೆ ಸ್ವತಂತ್ರ ಪ್ರಭೇದದ ಸ್ಥಾನ ಪಡೆಯಿತು. 2014ರಲ್ಲಿ ರಾನೆಲ್ಲಾ ವಿಕ್ಟೋರಿಯಾನಾ ಸೇರಿತು. ಸ್ವಿಟ್ಜರ್‌ಲೆಂಡ್, ಸ್ಪೇನ್, ಇರಾನ್ ಮುಂತಾದ ದೇಶಗಳ ಓಕ್ ಮರಗಳಿಂದಲೂ ಇದೇ ಗುಂಪಿನ ದುಂಡಾಣುಗಳು ವರದಿಯಾಗಿವೆ. ಇವುಗಳಲ್ಲಿ ಬ್ರೆನೇರಿಯಾ ನಮ್ಮ ಬಾಳೆಯ ಗೆಡ್ಡೆ ಕೊಳೆ ಮತ್ತು ತರಕಾರಿಗಳ ಮೆದು ಕೊಳೆಗೆ ಕಾರಣವಾದ ಪೆಕ್ಟೋಬ್ಯಾಕ್ಟೀರಿಯಂನ ಕುಟುಂಬಕ್ಕೇ ಸೇರಿದೆ. ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುವುದು ಈ ಕುಟುಂಬದ ಅನೇಕ ಸದಸ್ಯರ ಕಸುಬು.

ಸ್ಥಳದಲ್ಲಿ ಸಿಕ್ಕ ಮಾತ್ರಕ್ಕೆ ಅಪರಾಧಿಯೇ?

ಸುದ್ದಿ ಮಾಧ್ಯಮಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. 'ರೋಗಪೀಡಿತ ಮರದಲ್ಲಿ ಹೊಸ ದುಂಡಾಣು ಪತ್ತೆ' ಎಂಬ ವಾಕ್ಯ ಓದುಗನ ಮನಸ್ಸಿನಲ್ಲಿ 'ಹೊಸ ದುಂಡಾಣುವಿನಿಂದ ಮರಕ್ಕೆ ರೋಗ' ಎಂದು ದಾಖಲಾಗುತ್ತದೆ. ಈ ಎರಡು ವಾಕ್ಯಗಳ ನಡುವಿನ ದೂರವನ್ನು ಕ್ರಮಿಸಲು ವಿಜ್ಞಾನಿಗಳಿಗೆ ಸುಮಾರು ಒಂದು ದಶಕ ಹಿಡಿಯಿತು.

1882ರಲ್ಲಿ ಕ್ಷಯರೋಗದ ದುಂಡಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮಗಳನ್ನು ಕೃಷಿ ಪದವಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ. ರೋಗವಿರುವಲ್ಲೆಲ್ಲ ಆ ಸೂಕ್ಷ್ಮಾಣು ಇರಬೇಕು. ಅದನ್ನು ಪ್ರತ್ಯೇಕಿಸಿ ಶುದ್ಧವಾಗಿ ಬೆಳೆಸಬೇಕು. ಆರೋಗ್ಯವಂತ ಆಶ್ರಯ ಸಸ್ಯಕ್ಕೆ ಸೇರಿಸಿದಾಗ ಅದೇ ರೋಗ ಬರಬೇಕು. ಅಲ್ಲಿಂದ ಅದೇ ಸೂಕ್ಷ್ಮಾಣುವನ್ನು ಮರಳಿ ಪಡೆಯಬೇಕು. ಟೊಮ್ಯಾಟೊ ಸಸಿಯಲ್ಲಿ ಈ ಪರೀಕ್ಷೆಗೆ ಕೆಲವು ವಾರ ಸಾಕು. 80 ವರ್ಷದ ಓಕ್ ಮರದಲ್ಲಿ ಇದನ್ನು ಮಾಡುವುದೆಂತು? ಅದೂ ಒಂದಕ್ಕಿಂತ ಹೆಚ್ಚು ದುಂಡಾಣುಗಳು ಮತ್ತು ಒಂದು ದುಂಬಿ ಒಟ್ಟಿಗೆ ಇರುವಾಗ?

ಬೇರೊಂದು ತೊಡಕೂ ಇತ್ತು. ರೋಗಲಕ್ಷಣವಿಲ್ಲದ ಮರಗಳಲ್ಲೂ ಈ ಗುಂಪಿನ ದುಂಡಾಣುಗಳು ಅಲ್ಪ ಪ್ರಮಾಣದಲ್ಲಿ ಸಿಗಬಹುದು. ಗಿಬ್ಸಿಯೆಲ್ಲಾ ಅಂತೂ ಹಲವು ಪರಿಸರಗಳಲ್ಲಿ ಬದುಕಬಲ್ಲ ದುಂಡಾಣು. ಕೊಳೆತ ಅಂಗಾಂಶ ಸಿಕ್ಕಿತೆಂದು ಆಮೇಲೆ ಬಂದು ಸೇರಿದ ಜೀವಿಯೋ, ಕೊಳೆಯಿಸಿದ ಜೀವಿಯೋ ಎಂಬುದನ್ನು ಬೇರ್ಪಡಿಸಲೇಬೇಕಾಗಿತ್ತು. ಹೆಣದ ಬಳಿ ಹದ್ದು ಕುಳಿತಿದೆಯೆಂದು ಕೊಂದದ್ದು ಹದ್ದೇ ಎನ್ನಲಾಗದು.

ಇದಕ್ಕೆ ಉತ್ತರ ಮೂರು ದಿಕ್ಕುಗಳಿಂದ ಬಂದಿತು. ಡೆನ್‌ಮನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಓಕ್ ದಿಮ್ಮಿಗಳಿಗೆ ಬ್ರೆನೇರಿಯಾ ಮತ್ತು ಗಿಬ್ಸಿಯೆಲ್ಲಾ ದುಂಡಾಣುಗಳನ್ನು ಸೇರಿಸಿ, ಕೆಲವಕ್ಕೆ ದುಂಬಿಯ ಮೊಟ್ಟೆಗಳನ್ನೂ ಇಟ್ಟರು. ದುಂಡಾಣುಗಳು ಒಳ ತೊಗಟೆಯನ್ನು ಕೊಳೆಯಿಸಿದವು. ಮರಿಹುಳುಗಳಿದ್ದಲ್ಲಿ ಹಾನಿ ಹೆಚ್ಚಾಯಿತು. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನವು ಕೊಳೆತ ಭಾಗದಲ್ಲಿ ಯಾವ ವಂಶವಾಹಿಗಳು ನಿಜವಾಗಿ ಕೆಲಸ ಮಾಡುತ್ತಿವೆ ಎಂದು ಪರಿಶೀಲಿಸಿ, ಅಲ್ಲಿ ಬ್ರೆನೇರಿಯಾ ಗುಡ್ವಿನಿ ಅತಿ ಚುರುಕಾಗಿರುವುದನ್ನು ತೋರಿಸಿತು. 2019ರಲ್ಲಿ ಬಂದ ಜೀನೋಮ್ ವಿಶ್ಲೇಷಣೆಯು ಬ್ರೆನೇರಿಯಾದ ಬಳಿ ಆಶ್ರಯ ಸಸ್ಯದ ಜೀವಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ಚುಚ್ಚುವ ವ್ಯವಸ್ಥೆಯಿದೆಯೆಂದೂ, ಉಳಿದವುಗಳಲ್ಲಿ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳ ಸಂಪತ್ತಿದೆಯೆಂದೂ ವಿವರಿಸಿತು.

ಇವೆಲ್ಲವನ್ನೂ ಜೋಡಿಸಿದಾಗ ಮೂಡುವ ಚಿತ್ರದಲ್ಲಿ ಒಬ್ಬನೇ ಅಪರಾಧಿಯಿಲ್ಲ. ಬ್ರೆನೇರಿಯಾ ಮುಂದಾಳು, ಗಿಬ್ಸಿಯೆಲ್ಲಾ, ರಾನೆಲ್ಲಾಗಳು ಜೊತೆಗಾರರು, ದುಂಬಿಯ ಮರಿಹುಳು ಹಾನಿಯನ್ನು ಹೆಚ್ಚಿಸುವ ಸಹಾಯಕ. ದುಂಡಾಣುಗಳ ಕೂಟವೊಂದು ಸೇರಿ ಉಂಟುಮಾಡುವ ಇಂತಹ ಬೇನೆಯನ್ನು ಒಂದು ರೋಗಕ್ಕೆ ಒಂದೇ ರೋಗಾಣು ಎಂಬ ಹಳೆಯ ಚೌಕಟ್ಟಿನಲ್ಲಿ ಹಿಡಿದಿಡಲಾಗದು.

ಮರ ಮೊದಲೇ ಬಳಲಿತ್ತೇ?

ದುಂಡಾಣು ಮತ್ತು ದುಂಬಿ ಎರಡೂ ಇರುವ ಕಾಡಿನಲ್ಲೂ ಎಲ್ಲ ಮರಗಳು ಸಾಯುವುದಿಲ್ಲ. ಬೇನೆ ಕಾಣಿಸಿಕೊಂಡ ಸ್ಥಳಗಳನ್ನು ಪರಿಸರದ ಅಂಕಿಅಂಶಗಳೊಡನೆ ತಾಳೆ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಗಮನಾರ್ಹ ಸಂಗತಿಯನ್ನು ಹೊರಗೆಡಹಿತು. ಮಳೆ ಕಡಿಮೆಯಿರುವ, ಎತ್ತರ ಕಡಿಮೆಯಿರುವ ಮತ್ತು ಗಾಳಿಯಿಂದ ಹೆಚ್ಚು ಸಾರಜನಕ ಬಂದು ಬೀಳುವ ಪ್ರದೇಶಗಳಲ್ಲಿ ಬೇನೆಯ ಸಂಭವ ಹೆಚ್ಚು. ಅಂದರೆ ನೀರಿನ ಕೊರತೆ ಮತ್ತು ಪೋಷಕಾಂಶಗಳ ಅಸಮತೋಲನ ಮರವನ್ನು ಮೊದಲೇ ಬಳಲಿಸಿರುತ್ತವೆ. ಆಮೇಲೆ ಬರುವ ದುಂಬಿ ಮತ್ತು ದುಂಡಾಣುಗಳಿಗೆ ದಾರಿ ಸುಗಮವಾಗುತ್ತದೆ.

ಬೇಸಾಯಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯವೆನಿಸುವ ಭಾಗವಿದು. ರೋಗಾಣು, ಆಶ್ರಯ ಸಸ್ಯ ಮತ್ತು ಪರಿಸರ ಎಂಬ ಮೂರು ಮೂಲೆಗಳ 'ರೋಗ ತ್ರಿಕೋನ'ವನ್ನು ನಾವು ತರಬೇತಿಗಳಲ್ಲಿ ಬೋಧಿಸುತ್ತೇವೆ. ತೋಟಕ್ಕೆ ಹೋದಾಗ ಮಾತ್ರ ಒಂದೇ ಮೂಲೆಯನ್ನು ನೋಡಿ ಔಷಧಿಯ ಹೆಸರು ಬರೆದುಕೊಟ್ಟು ಬರುತ್ತೇವೆ. ಮಣ್ಣಿನ ತೇವ, ಬಸಿಗಾಲುವೆ, ಗೊಬ್ಬರದ ಪ್ರಮಾಣ, ನೆರಳು ಇವುಗಳ ಬಗ್ಗೆ ಪ್ರಶ್ನೆ ಕೇಳುವುದು ಕಡಿಮೆ. ರೈತನ ಕೈಯಲ್ಲಿ ನಿಜವಾಗಿ ಬದಲಾಯಿಸಲು ಸಾಧ್ಯವಿರುವುದು ಬಹುಪಾಲು ಈ ಮೂರನೆಯ ಮೂಲೆಯೇ.

ಅಲ್ಲಿ ಕೈಗೊಂಡ ಕ್ರಮಗಳು

ಇಷ್ಟೆಲ್ಲ ತಿಳಿದ ಬಳಿಕವೂ ಬ್ರಿಟನ್ನಿನಲ್ಲಿ ಈ ಬೇನೆಗೆ ಸಿಂಪಡಿಸುವ ಔಷಧಿಯಿಲ್ಲ. ಮರದ ಮಾಲೀಕರಿಗೆ ನೀಡುವ ಸಲಹೆ ಸರಳವಾಗಿದೆ. ಲಕ್ಷಣ ಕಂಡೊಡನೆ ಮರ ಕಡಿಯಬೇಡಿ. ಅನೇಕ ಮರಗಳು ಸೀಳನ್ನು ಹೊಸ ತೊಗಟೆಯಿಂದ ಮುಚ್ಚಿಕೊಂಡು ಚೇತರಿಸಿಕೊಳ್ಳುತ್ತವೆ. ಕಡಿಯುವುದು ಅನಿವಾರ್ಯವಾದರೆ ತೊಗಟೆ ಸಹಿತ ದಿಮ್ಮಿಯನ್ನು ಬೇರೆಡೆಗೆ ಸಾಗಿಸಬೇಡಿ. ಒಂದು ಮರದಿಂದ ಮತ್ತೊಂದಕ್ಕೆ ಹೋಗುವಾಗ ಉಪಕರಣ ಮತ್ತು ಪಾದರಕ್ಷೆಗಳನ್ನು ಶುಚಿಗೊಳಿಸಿ. ಕಂಡದ್ದನ್ನು ಸರ್ಕಾರದ ವರದಿ ವ್ಯವಸ್ಥೆಗೆ ತಿಳಿಸಿ. 2018ರಲ್ಲಿ 'ಆ್ಯಕ್ಷನ್ ಓಕ್' ಎಂಬ ಹೆಸರಿನಲ್ಲಿ ಸರ್ಕಾರ, ಸಂಶೋಧನಾ ಸಂಸ್ಥೆಗಳು ಮತ್ತು ಸ್ವಯಂಸೇವಾ ಸಂಘಗಳು ಒಗ್ಗೂಡಿ ಓಕ್ ರಕ್ಷಣೆಯ ಸಹಯೋಗವೊಂದನ್ನು ಆರಂಭಿಸಿದವು.

ಔಷಧಿಯಿಲ್ಲವೆಂದ ಮೇಲೆ ಹೆಸರು ಹುಡುಕಿದ ಶ್ರಮ ವ್ಯರ್ಥವೇ ಎಂದು ಕೇಳಬಹುದು. ಹೆಸರು ಖಚಿತವಾದ ಬಳಿಕವೇ ಆ ದುಂಡಾಣುವನ್ನು ಡಿಎನ್‌ಎ ಪರೀಕ್ಷೆಯಿಂದ ಬೇಗ ಗುರುತಿಸಲು ಸಾಧ್ಯವಾಯಿತು. ಅದು ಮರದ ಹೊರಗೆ, ಮಣ್ಣಿನಲ್ಲಿ, ನೀರಿನಲ್ಲಿ ಎಷ್ಟು ಕಾಲ ಬದುಕೀತು ಎಂದು ಪರೀಕ್ಷಿಸಲು ಸಾಧ್ಯವಾಯಿತು. ಬೇರೆ ದೇಶದ ವಿಜ್ಞಾನಿ ತನ್ನ ಕಾಡಿನಲ್ಲಿ ಕಂಡದ್ದೂ ಇದೇ ಹೌದೋ ಅಲ್ಲವೋ ಎಂದು ಹೇಳಲು ಸಾಧ್ಯವಾಯಿತು. ಹೆಸರು ಚಿಕಿತ್ಸೆಯಲ್ಲ, ನಿಜ. ಹೆಸರಿಲ್ಲದೆ ಚಿಕಿತ್ಸೆಯ ಹುಡುಕಾಟವನ್ನು ಆರಂಭಿಸಲೂ ಆಗದು.

ನಮ್ಮ ಸಿಲ್ವರ್ ಮರ ಓಕ್ ಅಲ್ಲ

ಈಗ ಬೆಳೆಗಾರರ ಪ್ರಶ್ನೆಗೆ ಬರೋಣ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಆಸರೆಗೂ ಬೆಳೆಸುವ ಸಿಲ್ವರ್ ಓಕ್ ಹೆಸರಿನಲ್ಲಿ ಮಾತ್ರ ಓಕ್. ಅದರ ವೈಜ್ಞಾನಿಕ ಹೆಸರು ಗ್ರೆವಿಲಿಯಾ ರೊಬಸ್ಟಾ, ತವರು ಆಸ್ಟ್ರೇಲಿಯಾದ ಪೂರ್ವ ಭಾಗ. ಅದು ಮಕಡೇಮಿಯಾ ಸೇರಿದ ಪ್ರೋಟಿಯೇಸಿ ಕುಟುಂಬದ್ದು. ನಿಜವಾದ ಓಕ್ ಮರಗಳು ಫೇಗೇಸಿ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದವು. ಭಾರತದಲ್ಲಿ ಅವುಗಳನ್ನು ನೋಡಬೇಕಾದರೆ ಹಿಮಾಲಯದ ಕಡೆಗೆ ಹೋಗಬೇಕು. ಉತ್ತರಾಖಂಡದ ಬಾಂಜ್ ಮರ ಅಂತಹ ಒಂದು ಓಕ್. ಬ್ರಿಟನ್ನಿನ ಓಕ್ ಬೇನೆಯ ಸುದ್ದಿಯನ್ನು ಓದಿ ನಮ್ಮ ಸಿಲ್ವರ್ ಮರಕ್ಕೆ ಕೊಡಲಿ ಎತ್ತುವುದೆಂದರೆ, ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರ ಕಾಯಿಲೆಗೆ ಇನ್ನೊಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ.

ಸಿಲ್ವರ್ ಮರದಿಂದ ಅಂಟು ಅಥವಾ ರಸ ಸೋರಲು ಹಲವು ಕಾರಣಗಳಿರಬಹುದು: ಮರಗಸಿಯ ಸಮಯದಲ್ಲಿ ಆದ ಗಾಯ, ನೆರಳು ತೆಗೆದ ಬಳಿಕ ಕಾಂಡಕ್ಕೆ ತಗುಲಿದ ಬಿಸಿಲಿನ ಝಳ, ಬುಡದಲ್ಲಿ ನಿಂತ ನೀರು, ಕಾಂಡ ಕೊರೆಯುವ ಹುಳು. ನನಗೆ ದೂರವಾಣಿ ಮಾಡಿದ ಬೆಳೆಗಾರರು ಮರ ಕಡಿಯಲಿಲ್ಲ. ನನ್ನ ಸಲಹೆಯಂತೆ ಸೋರುವ ಸ್ಥಳಗಳ ಚಿತ್ರ ತೆಗೆದು ಕಳುಹಿಸಿದರು. ಎಲ್ಲ ಸೋರಿಕೆಯೂ ಹಿಂದಿನ ಮರಗಸಿಯಲ್ಲಿ ಕೊಂಬೆ ಸೀಳಿ ತೊಗಟೆ ಕಿತ್ತುಬಂದಿದ್ದ ಜಾಗದಿಂದಲೇ ಆರಂಭವಾಗಿತ್ತು. ಹರಿತ ಕತ್ತಿಯಿಂದ ಗಾಯದ ಅಂಚನ್ನು ಸಮ ಮಾಡಿಸಿ ಬೋರ್ಡೊ ಮುಲಾಮು ಹಚ್ಚಿಸಿದರು. ಮೆಣಸಿನ ಬಳ್ಳಿಗಳು ಇಂದಿಗೂ ಅದೇ ಮರಗಳ ಮೇಲಿವೆ.

ಹೆಸರು ಬದಲಾದರೆ ರೈತನಿಗೇನು?

ದುಂಡಾಣುಗಳ ಹೊಸ ಪ್ರಭೇದಗಳ ಗುರುತಿಸುವಿಕೆ ನಮ್ಮ ಬೆಳೆಗಳನ್ನೂ ಮುಟ್ಟಿದೆ. ಶುಂಠಿ, ಟೊಮ್ಯಾಟೊ, ಬದನೆಗಳ ಸೊರಗು ರೋಗದ ದುಂಡಾಣುವಿಗೆ 1896ರಲ್ಲಿ ಅಮೆರಿಕದ ಅರ್ವಿನ್ ಸ್ಮಿತ್ ಮೊದಲ ಹೆಸರಿಟ್ಟರು. ಮುಂದೆ ಅದು ಸ್ಯೂಡೋಮೊನಾಸ್ ಆಯಿತು, ಬರ್ಖೋಲ್ಡೇರಿಯಾ ಆಯಿತು, 1995ರಲ್ಲಿ ರಾಲ್ಸ್ಟೋನಿಯಾ ಸೊಲನೇಸಿಯಾರಮ್ ಆಯಿತು. 2014ರಲ್ಲಿ ಅದನ್ನು ಮೂರು ಪ್ರಭೇದಗಳಾಗಿ ವಿಂಗಡಿಸಲಾಯಿತು. ದಾಳಿಂಬೆಯ ದುಂಡಾಣು ಅಂಗಮಾರಿಯ ಕ್ಸಾಂಥೊಮೊನಾಸ್‌ಗೂ ಪ್ರಭೇದದ ಹೆಸರು ಬದಲಾಗಿದೆ. ಹಳೆಯ ಕೈಪಿಡಿಯಲ್ಲಿ ಒಂದು ಹೆಸರು, ಹೊಸ ಲೇಖನದಲ್ಲಿ ಇನ್ನೊಂದು ಹೆಸರು ಕಂಡರೆ ಹೊಸ ರೋಗವೇ ಬಂದಿದೆಯೆಂದು ವಿಸ್ತರಣಾ ಕಾರ್ಯಕರ್ತರು ಗಾಬರಿಪಡಬೇಕಾಗಿಲ್ಲ. ಹೊಲದಲ್ಲಿರುವ ದುಂಡಾಣು ಹಿಂದಿನದೇ, ಅದರ ಬಗೆಗಿನ ನಮ್ಮ ತಿಳಿವಳಿಕೆ ಸೂಕ್ಷ್ಮವಾಗಿದೆ. ಆರೋಗ್ಯವಂತ ಬೀಜ ಅಥವಾ ಸಸಿ, ನೀರು ಬಸಿದುಹೋಗುವ ಏರುಮಡಿ, ಬೆಳೆ ಪರಿವರ್ತನೆ, ಬಾಧಿತ ಗಿಡಗಳ ನಾಶ ಎಂಬ ಹತೋಟಿ ಕ್ರಮಗಳು ಹೆಸರಿನೊಡನೆ ಬದಲಾಗಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. 'ದುಂಡಾಣು' ಎಂಬ ಪದ ಕೇಳಿದೊಡನೆ ಆ್ಯಂಟಿಬಯಾಟಿಕ್ ಪೊಟ್ಟಣ ಕೊಳ್ಳುವ ರೂಢಿ ನಮ್ಮಲ್ಲಿ ಬೇರೂರಿದೆ. ಮರದ ಒಳ ತೊಗಟೆಯಲ್ಲೋ ಗಿಡದ ನೀರುಗೊಳವೆಯಲ್ಲೋ ನೆಲೆಸಿದ ದುಂಡಾಣುವನ್ನು ಎಲೆಯ ಮೇಲಿನ ಸಿಂಪರಣೆ ಸುಲಭವಾಗಿ ತಲುಪುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗಕ್ಕೂ ಬಳಸುವ ಔಷಧಿ. ಹೊಲದಲ್ಲಿ ಅದನ್ನು ಎಗ್ಗಿಲ್ಲದೆ ಬಳಸಿದರೆ ದುಂಡಾಣುಗಳು ಅದಕ್ಕೆ ಜಗ್ಗದ ಶಕ್ತಿ ಪಡೆಯುತ್ತವೆ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕಾಗಿಯೇ.

ಸರಿಯಾದ ಮಾದರಿಯೇ ಸರಿಯಾದ ನಿರ್ಣಯದ ತಳಹದಿ

ಓಕ್ ಸಂಶೋಧನೆಯಲ್ಲಿ ಫಲ ನೀಡಿದ ಒಂದು ಸರಳ ಕ್ರಮವೆಂದರೆ ಮಾದರಿಯನ್ನು ಸತ್ತ ಮತ್ತು ಜೀವಂತ ಅಂಗಾಂಶಗಳು ಕೂಡುವ ಅಂಚಿನಿಂದ ತೆಗೆದದ್ದು. ಪೂರ್ತಿ ಕೊಳೆತ ಭಾಗದಲ್ಲಿ ಕೊಳೆತಿನಿ ಜೀವಿಗಳೇ ತುಂಬಿರುತ್ತವೆ. ನಿಜವಾದ ರೋಗಾಣು ಅಂಚಿನಲ್ಲಿ ಮುಂದುವರಿಯುತ್ತಿರುತ್ತದೆ. ನಮ್ಮ ರೋಗನಿರ್ಣಯ ಪ್ರಯೋಗಾಲಯಗಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆತು ಬರುವ ಗಿಡಗಳಿಂದ ಯಾರೂ ನಿಖರ ಉತ್ತರ ಹೇಳಲಾರರು.

ಮಾದರಿ ಕಳುಹಿಸುವಾಗ ಈ ಕೆಳಗಿನವುಗಳನ್ನು ಪಾಲಿಸಬೇಕು:

• ಪೂರ್ತಿ ಸತ್ತ ಗಿಡದ ಬದಲು ಲಕ್ಷಣಗಳು ಈಗಷ್ಟೇ ಕಾಣಿಸಿಕೊಂಡ ಗಿಡ ಅಥವಾ ಕೊಂಬೆಯನ್ನು ಆರಿಸಿ.
• ರೋಗ ತಗುಲಿದ ಮತ್ತು ಆರೋಗ್ಯವಂತ ಭಾಗಗಳೆರಡೂ ಇರುವಂತೆ ಕತ್ತರಿಸಿ. ಹೋಲಿಕೆಗೆಂದು ಆರೋಗ್ಯವಂತ ಗಿಡದ ಮಾದರಿಯನ್ನು ಬೇರೆ ಪೊಟ್ಟಣದಲ್ಲಿ ಇಡಿ.
• ಕಾಗದದಲ್ಲಿ ಸುತ್ತಿ, ಬಿಸಿಲಿಗೆ ಒಡ್ಡದೆ, ಸಾಧ್ಯವಾದಷ್ಟೂ ಅದೇ ದಿನ ತಲುಪಿಸಿ.
• ಗಿಡದ ವಯಸ್ಸು, ಲಕ್ಷಣ ಕಂಡ ದಿನ, ನೀರು ಮತ್ತು ಗೊಬ್ಬರದ ವಿವರ, ಸಿಂಪಡಿಸಿದ ಔಷಧಿಗಳ ಹೆಸರು, ತೋಟದ ಯಾವ ಭಾಗದಲ್ಲಿ ಮೊದಲು ಕಂಡಿತು ಎಂಬುದನ್ನು ಬರೆದು ಜೊತೆಗಿಡಿ.
• ಕತ್ತರಿಸಿದ ಚಾಕು, ಕತ್ತಿಗಳನ್ನು ಮುಂದಿನ ಗಿಡ ಮುಟ್ಟುವ ಮೊದಲು ಸ್ಪಿರಿಟ್‌ನಿಂದ ಒರೆಸಿ.

ಟೊಮ್ಯಾಟೊ, ಬದನೆ, ಶುಂಠಿಗಳಲ್ಲಿ ಸೊರಗು ರೋಗ ದುಂಡಾಣುವಿನದೇ ಎಂದು ಹೊಲದಲ್ಲೇ ಅಂದಾಜಿಸಲು ಸುಲಭ ಉಪಾಯವಿದೆ. ಸೊರಗಿದ ಗಿಡದ ಕಾಂಡದ ಬುಡಭಾಗದ ತುಂಡೊಂದನ್ನು ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂತಹ ಬಿಳಿ ಎಳೆಗಳು ಇಳಿಯುತ್ತವೆ. ಎಳೆ ಇಳಿಯದಿದ್ದರೆ ಶಿಲೀಂಧ್ರ, ಜಂತುಹುಳು ಅಥವಾ ನೀರಿನ ತೊಂದರೆಯತ್ತ ಗಮನ ಹರಿಸಬೇಕು. ಪ್ರಭೇದದ ಹೆಸರನ್ನು ಈ ಲೋಟ ಹೇಳಲಾರದು. ಅನಗತ್ಯ ಶಿಲೀಂಧ್ರನಾಶಕದ ಖರ್ಚನ್ನಂತೂ ಉಳಿಸಬಲ್ಲದು.

ಉಪಸಂಹಾರ

ಓಕ್ ಮರದ ಹೊಸ ದುಂಡಾಣುಗಳ ಕಥೆಯಲ್ಲಿ ಮೂರು ಹಂತಗಳನ್ನು ಸ್ಪಷ್ಟವಾಗಿ ಕಾಣಬಹುದು: ಇದೆಯೆಂದು ಕಂಡದ್ದು, ಯಾವುದೆಂದು ಹೆಸರಿಸಿದ್ದು, ಏನು ಮಾಡುತ್ತದೆಂದು ಪ್ರಯೋಗದಿಂದ ತೋರಿಸಿದ್ದು. ಮೊದಲ ಹಂತದಲ್ಲೇ ಅವಸರದಿಂದ ತೀರ್ಪು ಕೊಟ್ಟಿದ್ದರೆ ಬ್ರಿಟನ್ನಿನಲ್ಲಿ ಚೇತರಿಸಿಕೊಳ್ಳಬಹುದಾಗಿದ್ದ ಎಷ್ಟೋ ಮರಗಳು ಉರುಳುತ್ತಿದ್ದವು. ಎಂಬತ್ತು ವರ್ಷದ ಓಕ್ ಆಗಲಿ, ಮೆಣಸು ಹಬ್ಬಿದ ಸಿಲ್ವರ್ ಆಗಲಿ, ಕಡಿಯಲು ಅರ್ಧ ದಿನ ಸಾಕು. ಮರಳಿ ಬೆಳೆಸಲು ಒಂದು ತಲೆಮಾರು ಬೇಕು. ತೋಟದಲ್ಲಿ ಅಪರಿಚಿತ ಲಕ್ಷಣ ಕಂಡಾಗ ಮೊದಲು ಚಿತ್ರ ತೆಗೆಯಿರಿ, ಮಾದರಿ ಕಳುಹಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಯೊಡನೆ ಮಾತನಾಡಿ. ಕೊಡಲಿಯೂ ಸಿಂಪರಣಾ ಯಂತ್ರವೂ ಉತ್ತರ ಬರುವವರೆಗೆ ಕಾಯಲಿ.